ಒಳನಾಡಿನಲ್ಲೊಂದು ಕಡಲು: ಉಪ್ಪುನೀರಿನ ಚಿಕ್ಕ ಮತ್ಸ್ಯಾಗಾರದಲ್ಲಿ ನೀರು ಮತ್ತು ಪಾಚಿಯ ಇತಿಹಾಸ

ನಂದಗಡವೆಂದೊಡನೆ ನಮ್ಮ ನೆನಪಿಗೆ ಬರುವುದು 1831ರಲ್ಲಿ ಅಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಹೆಸರು. ಅದಕ್ಕೂ ಹಿಂದಿನದು ಕಿತ್ತೂರಿನ ಮಲ್ಲಸರ್ಜ ದೇಸಾಯಿಯು 1809ರ ಸುಮಾರಿನಲ್ಲಿ ಆ ಊರಿನ ಸಮೀಪದಲ್ಲಿ ಕಟ್ಟಿಸಿದ ಆನಂದಗಡದ ಕೋಟೆ. ಖಾನಾಪುರ ತಾಲೂಕಿನ ಈ ಪೇಟೆಗೆ ಮತ್ತೊಂದು ಚರಿತ್ರೆಯೂ ಉಂಟು. ಗೋವೆಯ ಕರಾವಳಿಯಿಂದ ಅಡಿಕೆ, ತೆಂಗು, ಖರ್ಜೂರ ಹಾಗೂ ಉಪ್ಪನ್ನು ತರಿಸಿಕೊಂಡು, ಬಯಲುಸೀಮೆಯ ಗೋದಿ ಮೊದಲಾದ ಧಾನ್ಯಗಳನ್ನು ಕಳುಹಿಸುತ್ತಿದ್ದ ವ್ಯಾಪಾರಸ್ಥಳವೆಂದು ಮುಂಬಯಿ ಪ್ರಾಂತದ ಹಳೆಯ ಗ್ಯಾಝೆಟಿಯರುಗಳು ನಂದಗಡವನ್ನು ವರ್ಣಿಸುತ್ತವೆ. ಘಟ್ಟದ ಕೆಳಗಿನ ಆಗರಗಳಲ್ಲಿ ಬಿಸಿಲಿಗೆ ಹರಳುಗಟ್ಟಿದ ಉಪ್ಪು ಹೇರೆತ್ತುಗಳ ಬೆನ್ನೇರಿ ಈ ಪೇಟೆಯನ್ನು ಸೇರುತ್ತಿತ್ತು. ಕಡಲನ್ನು ಎಂದೂ ಕಾಣದ ಒಳನಾಡಿನ ಮನೆಗಳಿಗೆ ಕಡಲಿನ ಪರಿಚಯವಾದುದು ಈ ಉಪ್ಪಿನ ಮೂಲಕವೇ.

ಇಂದು ಒಳನಾಡಿನ ಮನೆಗಳಲ್ಲಿಯೂ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ ಕಡಲಿನ ಮೀನುಗಳನ್ನಿಡುವ ಚಿಕ್ಕ ಗಾಜಿನ ತೊಟ್ಟಿಗಳು ಅಲ್ಲಲ್ಲಿ ಕಾಣಬರುತ್ತವೆ. ಮೊದಲ ಕೆಲವು ವಾರ ಅವುಗಳ ನೀರು ತಿಳಿಯಾಗಿರುತ್ತದೆ. ಬಳಿಕ ಗಾಜಿನ ಮೇಲೆ ಕಂದುಬಣ್ಣದ ಧೂಳು, ಅನಂತರ ಕಲ್ಲಿನ ಮೇಲೆ ಹಸುರು ಕೂದಲು, ಕೊನೆಗೆ ಮರಳಿನ ಮೇಲೆ ಕೆಂಪು ಲೋಳೆ ಕಾಣಿಸಿಕೊಳ್ಳುತ್ತವೆ. ಇಟ್ಟವರು ಪಾಚಿಯನ್ನು ಉಜ್ಜುತ್ತಾರೆ, ಔಷಧ ಸುರಿಯುತ್ತಾರೆ, ಮೀನು ಸಾಯುತ್ತದೆ, ತೊಟ್ಟಿ ಅಟ್ಟವನ್ನೇರುತ್ತದೆ. ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವುದು ಕಡಲಿನ ಜೀವಿಗಳು ಬಾಳಲಾರವೆಂಬ ತಪ್ಪು ಪಾಠ. ಈ ಸೋಲು ಹೊಸದಲ್ಲ. ನೂರಎಪ್ಪತ್ತು ವರ್ಷಗಳಿಗೂ ಮೀರಿದ ಮತ್ಸ್ಯಾಗಾರದ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ಸಂಭವಿಸಿದೆ. ಪ್ರತಿಯೊಂದು ಸಲವೂ ಅದರಿಂದ ಒಂದೊಂದು ಸತ್ಯ ಹೊರಬಿದ್ದಿದೆ. ಆ ಸತ್ಯಗಳನ್ನು ಕಾಲಕ್ರಮದಲ್ಲಿ ನಿರೂಪಿಸಿ, ನಂದಗಡದಂತಹ ಒಳನಾಡಿನ ಊರಿಗೆ ಅವುಗಳಿಂದ ದೊರೆಯುವ ಪಾಠವೇನೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಪೇಟೆಯ ಉಪ್ಪು ಮತ್ತು ಕಡಲಿನ ನೀರು

ಮೊದಲು ಉಪ್ಪಿನ ವಿಚಾರವನ್ನೇ ಎತ್ತಿಕೊಳ್ಳೋಣ. ಖಾನಾಪುರ ತಾಲೂಕು ಎರಡು ಕಡಲುಗಳ ನಡುವಣ ಏಣು. ಈ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಅವಳ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಇದೇ ತಾಲೂಕಿನ ದೇಗಾವಿಯಲ್ಲಿ ಹುಟ್ಟುವ ಮಹಾದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡವಿಯೆನಿಸಿ, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನೀರು ಇಳಿದುಹೋದ ದಿಕ್ಕಿನಿಂದಲೇ ಉಪ್ಪು ಏರಿಬರುತ್ತಿತ್ತು. 1878ರ ಕೊನೆಯಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಆದ ಒಪ್ಪಂದದಿಂದ ಗೋವೆಯ ಉಪ್ಪಿನ ಮೇಲಣ ಹತೋಟಿ ಬ್ರಿಟಿಷರ ಕೈಸೇರಿತು. 1892ರಲ್ಲಿ ಆ ಒಪ್ಪಂದ ಕೊನೆಗೊಂಡಿತು. ಅಷ್ಟರೊಳಗೆ 1888ರಲ್ಲಿ ಮುರಗಾಂವದಿಂದ ಘಟ್ಟವನ್ನೇರುವ ರೈಲುಹಾದಿ ತೆರೆದಿತ್ತು. ಲೋಂಡಾ ಜಂಕ್ಷನ್ನಿನ ಏಳಿಗೆಯೊಡನೆ ಹೇರೆತ್ತಿನ ದಾರಿಗಳ ಮಹತ್ವ ಕುಗ್ಗಿತು.

ಹೀಗೆ ಬಂದ ಉಪ್ಪನ್ನು ಮತ್ತೆ ನೀರಿನಲ್ಲಿ ಕರಗಿಸಿದರೆ ಕಡಲಿನ ನೀರಾಗುವುದೇ? ಆಗದು. ಇದರ ಕಾರಣವನ್ನು 1849ರಲ್ಲಿ ಊಸಿಗ್ಲಿಯೋ ಎಂಬ ರಸಾಯನಜ್ಞನು ಮೆಡಿಟರೇನಿಯನ್ ಕಡಲಿನ ನೀರನ್ನು ಹಂತಹಂತವಾಗಿ ಇಂಗಿಸಿ ತೋರಿಸಿದನು. ನೀರು ಆರುತ್ತ ಬಂದಂತೆ ಮೊದಲು ಸುಣ್ಣದ ಕಾರ್ಬೊನೇಟು, ಅನಂತರ ಜಿಪ್ಸಮ್ ತಳಕ್ಕಿಳಿಯುತ್ತವೆ. ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಅಡಿಗೆಯುಪ್ಪು ಹರಳುಗಟ್ಟತೊಡಗುತ್ತದೆ. ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಕಟ್ಟಕಡೆಯವರೆಗೂ ಕಹಿಯಾದ ಉಳಿಕೆನೀರಿನಲ್ಲಿ ನಿಲ್ಲುತ್ತವೆ. ಆಗರದವನು ಹರಳನ್ನು ಗೋರಿಕೊಂಡು ಈ ಕಹಿನೀರನ್ನು ಹೊರಗೆ ಬಿಡುತ್ತಾನೆ. ಅಡಿಗೆಗೆ ಇದು ಒಳ್ಳೆಯದೇ. ಆದರೆ ಕಡಲಿನ ಜೀವಿಗೆ ಬೇಕಾದ ಎಷ್ಟೋ ಅಂಶಗಳು ಆಗರದಲ್ಲಿಯೇ ಉಳಿದುಹೋಗುತ್ತವೆ.

ಒಂದು ಕಿಲೋಗ್ರಾಂ ಕಡಲಿನ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣಗಳಿರುತ್ತವೆ. ಅವುಗಳಲ್ಲಿ ಕ್ಲೋರೈಡು ಸುಮಾರು 19 ಗ್ರಾಂ, ಸೋಡಿಯಂ 10.8 ಗ್ರಾಂ, ಸಲ್ಫೇಟು 2.7 ಗ್ರಾಂ, ಮೆಗ್ನೀಸಿಯಂ 1.3 ಗ್ರಾಂ, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತಲಾ 0.4 ಗ್ರಾಮಿನಷ್ಟು. ‘ಚಾಲೆಂಜರ್’ ಹಡಗು 1872ರಿಂದ 1876ರವರೆಗೆ ಲೋಕದ ಕಡಲುಗಳನ್ನು ಸುತ್ತಿ ತಂದ ನೀರಿನ 77 ಮಾದರಿಗಳನ್ನು ಡಿಟ್‌ಮಾರ್ ವಿಶ್ಲೇಷಿಸಿ, 1884ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಉಪ್ಪಿನ ಒಟ್ಟು ಪ್ರಮಾಣ ಸ್ಥಳದಿಂದ ಸ್ಥಳಕ್ಕೆ ಬದಲಾದರೂ ಈ ಮುಖ್ಯ ಅಂಶಗಳ ಪರಸ್ಪರ ಪ್ರಮಾಣ ಬಹುಮಟ್ಟಿಗೆ ಒಂದೇ ಎಂಬುದನ್ನು ಸ್ಥಾಪಿಸಿದನು. ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರು ಹೊರಬಂದುದೂ ಅದೇ ವರ್ಷ. ಒಂದು ಗ್ರಂಥದಲ್ಲಿ ನಂದಗಡಕ್ಕೆ ಉಪ್ಪು ಬಂದ ದಾಖಲೆ. ಇನ್ನೊಂದರಲ್ಲಿ ಆ ಉಪ್ಪು ಕಡಲಿಗೆ ಸಮನಾಗದೇಕೆಂಬುದರ ಲೆಕ್ಕ. ಒಳನಾಡಿನಲ್ಲಿ ಕೃತಕ ಕಡಲನ್ನು ಕಟ್ಟುವವನಿಗೆ ಎರಡನೆಯದು ಅನಿವಾರ್ಯ.

2. ಸಮತೋಲದ ಕನಸು

ಕಡಲಿನ ಜೀವಿಗಳನ್ನು ಮನೆಯೊಳಗೆ ದೀರ್ಘಕಾಲ ಉಳಿಸಿಕೊಂಡವರಲ್ಲಿ ಮೊದಲಿಗಳೆನ್ನಬಹುದಾದವಳು ಇಂಗ್ಲೆಂಡಿನ ಆನಾ ಥೈನ್. 1846ರಲ್ಲಿ ಆಕೆ ಟಾರ್ಕಿಯ ಕರೆಯಿಂದ ಹವಳದ ಜಾತಿಯ ಜೀವಿಗಳನ್ನು ಲಂಡನ್ನಿಗೆ ಒಯ್ದಳು. ಹೊಸ ಕಡಲನೀರು ಸುಲಭವಾಗಿ ಸಿಗುತ್ತಿರಲಿಲ್ಲ. ಆದುದರಿಂದ ಇದ್ದ ನೀರಿಗೆ ಗಾಳಿ ಬೆರೆಯಲೆಂದು, ಮನೆಗೆಲಸದವಳು ತೆರೆದ ಕಿಟಕಿಯೆದುರು ನಿಂತು ದಿನವೂ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯುತ್ತಿದ್ದಳು. ಮರುವರ್ಷ ಥೈನ್ ಅದರಲ್ಲಿ ಕಡಲಿನ ಸಸ್ಯಗಳನ್ನೂ ಇರಿಸಿದಳು. ಆ ಕೆಲಸದವಳ ಹೆಸರನ್ನು ಇತಿಹಾಸ ಉಳಿಸಿಲ್ಲ. ಆದರೆ ಇಂದು ವಿದ್ಯುತ್ತು ಕೈಕೊಟ್ಟು ಪಂಪು ನಿಂತಾಗ ತೊಟ್ಟಿಯ ಜೀವಿಗಳನ್ನು ಉಳಿಸಬಲ್ಲ ಉಪಾಯವೂ ಅದೇ ಎಂಬುದನ್ನು ನಾವು ಮರೆಯಬಾರದು.

ಈ ಅನುಭವಕ್ಕೆ ರಾಸಾಯನಿಕ ತತ್ತ್ವದ ರೂಪವನ್ನು ಕೊಟ್ಟವನು ರಾಬರ್ಟ್ ವಾರಿಂಗ್ಟನ್. ಅವನು 1849ರಲ್ಲಿ ಒಂದು ಪಾತ್ರೆಯ ಸಿಹಿನೀರಿನಲ್ಲಿ ಎರಡು ಚಿಕ್ಕ ಹೊಮ್ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರ್ಗಿಡವನ್ನೂ ಇರಿಸಿದನು. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರಿ, ಆಮ್ಲಜನಕವನ್ನು ಮರಳಿ ಕೊಡಬೇಕೆಂಬುದು ಎಣಿಕೆ. ಆದರೆ ಕೊಳೆತ ಎಲೆಗಳಿಂದ ಹಸುರು ಲೋಳೆ ಹುಟ್ಟಿ ಗಾಜನ್ನು ಮುಚ್ಚಿ, ನೀರು ಕದಡಿತು. ಆಗ ಅವನು ಕೆಲವು ಬಸವನಹುಳುಗಳನ್ನು ಬಿಟ್ಟನು. ಅವು ಲೋಳೆಯನ್ನು ಮೇಯ್ದುವು, ನೀರು ತಿಳಿಯಾಯಿತು. 1850ರಲ್ಲಿ ಅವನು ರಸಾಯನಜ್ಞರ ಸಂಘಕ್ಕೆ ಈ ಪ್ರಯೋಗದ ವರದಿಯನ್ನು ಒಪ್ಪಿಸಿದನು. ಪ್ರಾಣಿ, ಸಸ್ಯ ಮತ್ತು ಮೇಯುವ ಜೀವಿ ಎಂಬ ಮೂವರ ಕೂಟ ಅಂದು ಮೊದಲ ಬಾರಿಗೆ ಸ್ಪಷ್ಟವಾಗಿ ನಿರೂಪಿತವಾಯಿತು. ಪಾಚಿಯ ಹತೋಟಿಯ ಲಿಖಿತ ಇತಿಹಾಸ ಆರಂಭವಾಗುವುದು ಈ ಬಸವನಹುಳುಗಳಿಂದ.

1852ರಲ್ಲಿ ವಾರಿಂಗ್ಟನ್ ಕಡಲಿನ ನೀರಿಗೂ ಈ ತತ್ತ್ವವನ್ನು ಅನ್ವಯಿಸಿದನು. ಫಿಲಿಪ್ ಹೆನ್ರಿ ಗಾಸ್ಸ್ ತನ್ನ ಬರೆವಣಿಗೆಯಿಂದ ಅದನ್ನು ಜನಪ್ರಿಯಗೊಳಿಸಿದನು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಗಾಸ್ಸನು ಕಡಲಿನಿಂದ ದೂರದಲ್ಲಿರುವವರಿಗಾಗಿ ಅಡಿಗೆಯುಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡು ಮತ್ತು ಪೊಟ್ಯಾಸಿಯಂ ಕ್ಲೋರೈಡು ಎಂಬ ನಾಲ್ಕು ಲವಣಗಳಿಂದ ಕೃತಕ ಕಡಲನೀರನ್ನು ತಯಾರಿಸುವ ಕ್ರಮವನ್ನೂ ಪ್ರಕಟಿಸಿದನು. ನಂದಗಡದ ಉಪ್ಪಿನಲ್ಲಿ ಕಾಣೆಯಾದ ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂಗಳೇ ಈ ಪಟ್ಟಿಯಲ್ಲಿ ಎದ್ದುಕಾಣುತ್ತವೆಂಬುದು ಗಮನಾರ್ಹ.

ಈ ಸಮತೋಲದ ಕನಸು ಬಹುಕಾಲ ಬಾಳಲಿಲ್ಲ. ಕರೆಯಿಂದ ಆರಿಸಿತಂದ ಚೆಂದದ ಕೆಂಪು ಮತ್ತು ಕಂದು ಕಡಲಸಸ್ಯಗಳು ಚಿಕ್ಕ ಪಾತ್ರೆಗಳಲ್ಲಿ ಕೊಳೆತುಹೋಗುತ್ತಿದ್ದುವು. ಕರೆಯದೆ ಬಂದ ಹಸುರು ಪಾಚಿಯ ಬೀಜಕಣಗಳು ಮಾತ್ರ ಹುಲುಸಾಗಿ ಬೆಳೆಯುತ್ತಿದ್ದುವು. ಗಿಡಗಳಿಗೆ ಬೆಳಕು ಬೇಕೆಂದು ಪಾತ್ರೆಯನ್ನು ಕಿಟಕಿಯ ಬಿಸಿಲಿನಲ್ಲಿಟ್ಟರೆ ನೀರು ಬಟಾಣಿಯ ಸಾರಿನಂತಾಗುತ್ತಿತ್ತು. 1860ರ ದಶಕದಲ್ಲಿ ಈ ಹವ್ಯಾಸದ ಭರಾಟೆ ಇಳಿದುಹೋಯಿತು. ಸಮತೋಲವೆಂಬುದು ಮೂವರನ್ನು ಒಂದೆಡೆ ಕೂಡಿಸಿದ ಮಾತ್ರಕ್ಕೆ ತಾನಾಗಿ ಬರುವುದೆಂಬ ನಂಬಿಕೆಯೇ ಅಂದಿನವರ ತಪ್ಪು.

3. ಕತ್ತಲೆಯ ಉಪಾಯ

ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಮತ್ಸ್ಯಾಗಾರದ ಸಾಮಾನುಗಳ ಅಂಗಡಿಯನ್ನಿಟ್ಟಿದ್ದ ಇವನು ಮುಂದೆ 1864ರಲ್ಲಿ ಹ್ಯಾಂಬರ್ಗ್, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮತ್ಸ್ಯಾಗಾರಗಳ ರಚನೆಗೆ ಕಾರಣನಾದನು. ಹಸುರುಗಟ್ಟಿದ ನೀರನ್ನು ಕತ್ತಲೆಯಲ್ಲಿಟ್ಟರೆ ಅದು ತಿಳಿಯಾಗುವುದೆಂಬುದನ್ನು ಅವನು ಕಂಡುಕೊಂಡಿದ್ದನು. ಅದರಂತೆ, ನೋಡುಗರ ಎದುರಿನ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ನೀರಿನ ಕೋಶವನ್ನು ನೆಲದಡಿಯ ಕತ್ತಲೆಯಲ್ಲಿರಿಸಿ, ಉಗಿಯಂತ್ರದ ಪಂಪಿನಿಂದ ಹಗಲಿರುಳೂ ನೀರನ್ನು ಮೇಲಕ್ಕೂ ಕೆಳಕ್ಕೂ ಸುತ್ತಿಸಿದನು. ಪಾಚಿಯ ಬೆಳೆವಣಿಗೆ ಹತೋಟಿಗೆ ಬಂದಿತು. ನೀರು ತಂಪಾಗಿಯೂ ಉಳಿಯಿತು. ಆಂಟನ್ ಡೋರ್ನ್ 1874ರಲ್ಲಿ ನೇಪಲ್ಸಿನಲ್ಲಿ ತೆರೆದ ಮತ್ಸ್ಯಾಗಾರಕ್ಕೂ ಲಾಯ್ಡನ ಸಲಹೆ ದೊರೆತಿತ್ತು.

ಇಂತಹ ದೊಡ್ಡ ಸಂಸ್ಥೆಗಳು ಭಾರತಕ್ಕೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. 1909ರಲ್ಲಿ ಎಡ್ಗರ್ ಥರ್ಸ್ಟನ್ನನ ಪ್ರಯತ್ನದಿಂದ ಮದ್ರಾಸಿನ ಕಡಲತೀರದಲ್ಲಿ ಮತ್ಸ್ಯಾಗಾರವೊಂದು ತೆರೆಯಿತು. 1951ರಲ್ಲಿ ಮುಂಬಯಿಯಲ್ಲಿ ತಾರಾಪೊರವಾಲಾ ಮತ್ಸ್ಯಾಗಾರ ಉದ್ಘಾಟನೆಗೊಂಡಿತು. ಆ ಕಾಲಕ್ಕೆ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ ನಂದಗಡದವರಿಗೆ ಅದು ತಮ್ಮ ರಾಜ್ಯದ ಮತ್ಸ್ಯಾಗಾರವೇ ಆಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾರವಾರದ ಕಡಲೂ ಖಾನಾಪುರದ ಕಾಡೂ ಒಟ್ಟಿಗೆ ಕನ್ನಡನಾಡಿನ ಆಡಳಿತಕ್ಕೆ ಸೇರಿದುವು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯ ತನ್ನ ಸಮುದ್ರ ಜೀವಶಾಸ್ತ್ರದ ವ್ಯಾಸಂಗವನ್ನು ಕಾರವಾರದಲ್ಲಿಯೇ ನೆಲೆಗೊಳಿಸಿತು.

ಲಾಯ್ಡನ ವಿಧಾನದಲ್ಲಿ ಒಂದು ಕೊರತೆಯಿತ್ತು. ಅದು ಪಾಚಿಯ ಬೆಳಕನ್ನು ಕಿತ್ತುಕೊಂಡಿತೇ ವಿನಾ ಅದರ ಊಟವನ್ನು ಕಿತ್ತುಕೊಳ್ಳಲಿಲ್ಲ. ದೊಡ್ಡ ಕೋಶದಲ್ಲಿ ಕೊಳೆ ತೆಳುವಾಗಿ ಹರಡುತ್ತಿದ್ದುದರಿಂದ ಈ ಕೊರತೆ ಬೇಗ ತಿಳಿಯುತ್ತಿರಲಿಲ್ಲ. ನೂರು ಲೀಟರಿನ ತೊಟ್ಟಿಗೆ ಆ ರಕ್ಷಣೆಯಿಲ್ಲ. ಹವಳದಂತಹ ಜೀವಿಗಳಿಗಂತೂ ಬೆಳಕೇ ಜೀವನಾಧಾರವಾದುದರಿಂದ ಕತ್ತಲೆ ಅವುಗಳಿಗೆ ಉತ್ತರವಾಗಲಾರದು.

4. ಕಾಣದ ಊಟ

ಪಾಚಿಯ ಊಟ ಯಾವುದು? ಇದಕ್ಕೆ ಉತ್ತರ ಬಂದುದು ಹೊಲದ ಕಡೆಯಿಂದ. ಚರಂಡಿಯ ನೀರು ಮರಳಿನ ಮೂಲಕ ನಿಧಾನವಾಗಿ ಇಳಿದಾಗ ಅದರಲ್ಲಿಯ ಅಮೋನಿಯಾ ನೈಟ್ರೇಟಾಗಿ ಮಾರ್ಪಡುತ್ತದೆಂದೂ, ಕ್ಲೋರೋಫಾರಂ ಹಾಕಿದರೆ ಆ ಕ್ರಿಯೆ ನಿಲ್ಲುತ್ತದೆಂದೂ, ಆದುದರಿಂದ ಅದು ಜೀವಿಗಳ ಕೆಲಸವೆಂದೂ 1877ರಲ್ಲಿ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಫ್ರೆಂಚ್ ವಿದ್ವಾಂಸರು ತೋರಿಸಿದರು. ಇದನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದಲ್ಲಿ ಮುಂದುವರಿಸಿ, ಇದು ಎರಡು ಹಂತದ ಕ್ರಿಯೆ ಎಂಬುದನ್ನು ಕಂಡವನ ಹೆಸರೂ ರಾಬರ್ಟ್ ವಾರಿಂಗ್ಟನ್. ಇವನು ಬಸವನಹುಳುಗಳನ್ನು ಬಿಟ್ಟ ವಾರಿಂಗ್ಟನ್ನನ ಮಗ. ತಂದೆಯ ತೊಟ್ಟಿಯಲ್ಲಿ ಬಗೆಹರಿಯದೆ ಉಳಿದ ಪ್ರಶ್ನೆಗೆ ಮಗನ ಹೊಲದ ಮಣ್ಣಿನಲ್ಲಿ ಉತ್ತರ ದೊರೆಯಿತು. ಆದರೆ ಮತ್ಸ್ಯಾಗಾರ ಇಟ್ಟವರು ಈ ಸಂಬಂಧವನ್ನು ಅರಿತುಕೊಳ್ಳಲು ಇನ್ನೂ ಹಲವು ದಶಕಗಳು ಬೇಕಾದುವು. 1890ರಲ್ಲಿ ವಿನೊಗ್ರಾಡ್ಸ್ಕಿ ಈ ಅಣುಜೀವಿಗಳನ್ನು ಬೇರ್ಪಡಿಸಿ ಬೆಳೆಸಿದನು.

ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಅಣುಜೀವಿಗಳು ಅದನ್ನು ನೈಟ್ರೈಟಾಗಿಯೂ ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಅಣುಜೀವಿಗಳು ನೆಲೆಯೂರಲು ಕೆಲವು ವಾರಗಳು ಬೇಕು. ಅಷ್ಟರೊಳಗೆ ಮೀನು ತುಂಬಿದವನು ಅವುಗಳ ಸಾವನ್ನು ತಾನೇ ತಂದುಕೊಂಡಂತೆ. ಕೊನೆಯಲ್ಲಿ ಉಳಿಯುವ ನೈಟ್ರೇಟು ಮೀನಿಗೆ ಅಷ್ಟಾಗಿ ವಿಷವಲ್ಲ. ಪಾಚಿಗೆ ಮಾತ್ರ ಅದು ಗೊಬ್ಬರ. 1950ರ ದಶಕದಲ್ಲಿ ಮರಳಿನ ಅಡಿಯಲ್ಲಿ ನೀರನ್ನು ಹಾಯಿಸುವ ಶೋಧಕಗಳು ಕಡಲಿನ ತೊಟ್ಟಿಗಳಲ್ಲಿ ಬಳಕೆಗೆ ಬಂದಾಗ ಮೀನುಗಳು ಉಳಿದುವು. ಆದರೆ ಗೊಬ್ಬರ ಕೂಡುತ್ತ ಹೋಗಿ, ಪಾಚಿ ಹಿಂದಿಗಿಂತಲೂ ಹೆಚ್ಚಿತು.

ಸಾರಜನಕದೊಡನೆ ರಂಜಕವನ್ನೂ ಹೇಳಬೇಕು. 1934ರಲ್ಲಿ ಆಲ್ಫ್ರೆಡ್ ರೆಡ್‌ಫೀಲ್ಡ್ ಕಡಲಿನ ತೇಲುಜೀವಿಗಳ ದೇಹದಲ್ಲಿಯ ಧಾತುಗಳ ಪ್ರಮಾಣ ನಿಯತವಾದುದೆಂದು ಸೂಚಿಸಿದನು. ಮುಂದೆ ಅದು 106 ಇಂಗಾಲ, 16 ಸಾರಜನಕ, 1 ರಂಜಕ ಪರಮಾಣುಗಳೆಂದು ನೆಲೆಗೊಂಡಿತು. ಇದನ್ನು ತೂಕಕ್ಕೆ ತಿರುಗಿಸಿದರೆ, ಒಂದು ಗ್ರಾಂ ರಂಜಕದ ಬಲದಿಂದ ಸುಮಾರು 41 ಗ್ರಾಂ ಇಂಗಾಲವುಳ್ಳ ಪಾಚಿ ಬೆಳೆಯಬಲ್ಲದು. ಗಾಜಿಗೆ ಅಂಟಿ ಬೆಳೆಯುವ ಪಾಚಿಗಳಲ್ಲಿ ಈ ಪ್ರಮಾಣ ಬದಲಾಗುವುದಾದರೂ, ದಿನವೂ ತೊಟ್ಟಿಗೆ ಬೀಳುವ ಒಂದು ಚಿಟಿಕೆ ಮೀನಿನ ಆಹಾರ ಏನನ್ನು ಬಿತ್ತುತ್ತದೆಂಬುದು ಇದರಿಂದ ವೇದ್ಯವಾಗುವುದು.

5. ವಿಷದ ದಾರಿ

ಊಟವನ್ನು ತಡೆಯುವ ಬದಲು ಪಾಚಿಯನ್ನೇ ಕೊಲ್ಲುವ ಯತ್ನಗಳೂ ನಡೆದುವು. ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ 1904ರಲ್ಲಿ, ಕುಡಿಯುವ ನೀರಿನ ಕೋಶಗಳಲ್ಲಿಯ ಪಾಚಿಯನ್ನು ಮೈಲುತುತ್ತದಿಂದ ನಾಶಮಾಡುವ ಕ್ರಮವನ್ನು ಪ್ರಕಟಿಸಿದರು. ಈ ಕ್ರಮ ಲೋಕದಲ್ಲೆಲ್ಲ ಹರಡಿತು. ಆದರೆ ಕಡಲಿನ ತೊಟ್ಟಿಯಲ್ಲಿ ತಾಮ್ರವು ಪಾಚಿಗಿಂತ ಮೊದಲು ಶಂಖ, ಏಡಿ, ಹವಳಗಳನ್ನು ಕೊಲ್ಲುತ್ತದೆ. ಸುಣ್ಣಗಲ್ಲಿನಲ್ಲಿ ಸೇರಿಕೊಂಡು ಬಹುಕಾಲ ಉಳಿಯುತ್ತದೆ. ಮರಳಿನ ಮೇಲಣ ಕೆಂಪು ಲೋಳೆ ನಿಜವಾದ ಪಾಚಿಯೇ ಅಲ್ಲ. ಅದು ಬ್ಯಾಕ್ಟೀರಿಯಗಳ ವರ್ಗಕ್ಕೆ ಸೇರಿದುದು. ಅದನ್ನು ಅಣುಜೀವಿನಾಶಕ ಔಷಧಗಳಿಂದ ಅಳಿಸಬಹುದಾದರೂ, ನೀರನ್ನು ಶುದ್ಧಗೊಳಿಸುವ ಅಣುಜೀವಿಗಳಿಗೂ ಅದೇ ಪೆಟ್ಟು ಬೀಳುವ ಭಯವಿದೆ. ಮೇಲಾಗಿ, ಸತ್ತ ಪಾಚಿ ಕೊಳೆತು ತನ್ನೊಳಗಿನ ಸಾರಜನಕ ರಂಜಕಗಳನ್ನು ಮತ್ತೆ ನೀರಿಗೇ ಒಪ್ಪಿಸುತ್ತದೆ. ವಿಷದಿಂದ ರೂಪ ಬದಲಾಗುವುದೇ ಹೊರತು ಲೆಕ್ಕ ಬದಲಾಗುವುದಿಲ್ಲ.

6. ಕೆರೆಯ ಹೂಳು ಮತ್ತು ಗಾಜಿನ ತೊಟ್ಟಿ

ಈ ಘಟ್ಟದಲ್ಲಿ ನಮ್ಮ ನಾಡಿನ ಕೆರೆಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸುವುದು ಉಚಿತ. ಕೆರೆಯೂ ಒಂದು ತೊಟ್ಟಿಯೇ. ಸುತ್ತಣ ಹೊಲಗಳ ಸಾರವೆಲ್ಲ ಮಳೆಯೊಡನೆ ಅದರೊಳಕ್ಕೆ ಹರಿದುಬರುತ್ತದೆ. ಬಂದುದು ಅಲ್ಲಿಯೇ ನಿಂತರೆ ಹಾವಸೆ ಕಟ್ಟುವುದು ನಿಶ್ಚಯ. ಕೆರೆಯ ರಕ್ಷಣೆಗಾಗಿ ಬಿತ್ತುವಟ್ಟವೆಂಬ ದತ್ತಿಯನ್ನು ಬಿಟ್ಟುದನ್ನು ಕನ್ನಡ ಶಾಸನಗಳು ಅನೇಕ ಕಡೆ ಹೇಳುತ್ತವೆ. ಬೇಸಗೆಯಲ್ಲಿ ನೀರು ಇಳಿದಾಗ ರೈತರು ಹೂಳನ್ನೆತ್ತಿ ಬಂಡಿಗಳಲ್ಲಿ ಹೊಲಗಳಿಗೆ ಹೇರುತ್ತಿದ್ದರು. ಅವರ ಉದ್ದೇಶ ಕೆರೆಯ ಆಳವನ್ನು ಕಾಯುವುದು, ಹೊಲಕ್ಕೆ ಗೋಡುಮಣ್ಣು ಒದಗಿಸುವುದು. ಸಾರಜನಕ ರಂಜಕಗಳ ಗಣಿತವನ್ನು ಅವರು ಮಾಡಿರಲಿಲ್ಲ. ಆದರೂ ಫಲದಲ್ಲಿ, ಹೊಲದಿಂದ ಕೆರೆಗೆ ಇಳಿದ ಸಾರ ಕೆರೆಯಿಂದ ಹೊಲಕ್ಕೆ ಮರಳುತ್ತಿತ್ತು. ಹೂಳೆತ್ತುವುದು ನಿಂತ ಕೆರೆಗಳ ಇಂದಿನ ಸ್ಥಿತಿಯನ್ನು ವಾಚಕರು ತಮ್ಮ ಊರುಗಳಲ್ಲಿಯೇ ನೋಡಬಹುದು.

ಗಾಜಿನ ತೊಟ್ಟಿಯ ಇತಿಹಾಸವೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದೇ ತತ್ತ್ವವನ್ನು ತಲಪಿತು. ಇಂಡೊನೇಷಿಯದ ಜಕಾರ್ತದಲ್ಲಿ ಲೀ ಚಿನ್ ಎಂಗ್ ಎಂಬವನು ಕಡಲಿನಿಂದ ಜೀವಸಹಿತವಾದ ಕಲ್ಲುಗಳನ್ನು ತಂದು ತೊಟ್ಟಿಯಲ್ಲಿರಿಸಿ, ಗಾಳಿಯ ಗುಳ್ಳೆಗಳಿಂದ ನೀರನ್ನು ಆಡಿಸಿ, ಹವಳಗಳನ್ನು ಬದುಕಿಸಿದ ಬಗೆಯನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದನು. ಅಂತಹ ಕಲ್ಲಿನ ಆಳದ ರಂಧ್ರಗಳಲ್ಲಿ ಆಮ್ಲಜನಕ ತಲಪದಿರುವುದರಿಂದ, ಅಲ್ಲಿಯ ಬೇರೊಂದು ಬಗೆಯ ಅಣುಜೀವಿಗಳು ನೈಟ್ರೇಟನ್ನು ಸಾರಜನಕ ವಾಯುವಾಗಿಸಿ ಹೊರಗೆ ಬಿಡುತ್ತವೆ. ನೊರೆಯ ಮೂಲಕ ಕೊಳೆಯನ್ನೆತ್ತುವ ಯಂತ್ರಗಳು ಜರ್ಮನಿಯಲ್ಲಿ ಬೆಳೆದುಬಂದುವು; ಕೊಳೆಯುವ ಮುನ್ನವೇ ಕೊಳೆಯನ್ನು ತೆಗೆಯುವುದು ಅವುಗಳ ಗುಣ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಇನ್ನೂ ಮುಂದೆ ಹೋದನು. ಬೆಳಕಿನಡಿಯ ಜಾಲರಿಯ ಮೇಲೆ ಉದ್ದೇಶಪೂರ್ವಕವಾಗಿ ಪಾಚಿಯನ್ನು ಬೆಳೆಸಿ, ಅದನ್ನು ಕಾಲಕಾಲಕ್ಕೆ ಕೊಯ್ದು ತೆಗೆಯುವ ವಿಧಾನದಿಂದ 1980ರಲ್ಲಿ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಹವಳದ ದಿಬ್ಬವೊಂದನ್ನು ಸಜೀವವಾಗಿ ತೋರಿಸಿದನು. ಪಾಚಿ ಬೇಡವಾದ ಕಡೆ ಬೆಳೆಯದಂತೆ ಮಾಡಲು ಬೇಕಾದ ಕಡೆ ಅದನ್ನು ಬೆಳೆಸಿ ಕೊಯ್ಯಬೇಕೆಂಬುದು ಏಡಿಯ ಸಿದ್ಧಾಂತ. ಕೆರೆಯ ಹೂಳನ್ನು ಹೊಲಕ್ಕೆ ಹೇರಿದ ಬಂಡಿಯ ಕೆಲಸವನ್ನೇ ಆ ಜಾಲರಿ ಮಾಡುತ್ತಿತ್ತೆಂದರೆ ತಪ್ಪಾಗಲಾರದು.

ಇದೇ ಕಾಲದ ಒಂದು ಎಚ್ಚರಿಕೆಯ ಕಥೆಯನ್ನೂ ಇಲ್ಲಿ ಹೇಳಬೇಕು. ಯುರೋಪಿನ ಮತ್ಸ್ಯಾಗಾರಗಳಲ್ಲಿ ಬೆಳೆಸುತ್ತಿದ್ದ ಕಾಲೆರ್ಪ ಟ್ಯಾಕ್ಸಿಫೋಲಿಯ ಎಂಬ ಹಸುರು ಕಡಲಸಸ್ಯ 1984ರಲ್ಲಿ ಮೊನಾಕೊದ ಸಮುದ್ರಶಾಸ್ತ್ರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಕಾಣಿಸಿಕೊಂಡಿತು. ಆಗ ಅದು ಆವರಿಸಿದ್ದುದು ಒಂದು ಚದರ ಮೀಟರಿನಷ್ಟು ಜಾಗ. ಶತಮಾನದ ಕೊನೆಯ ವೇಳೆಗೆ ಮೆಡಿಟರೇನಿಯನ್ ತೀರದ ಸಾವಿರಾರು ಹೆಕ್ಟೇರುಗಳಿಗೆ ಹಬ್ಬಿತು. ತೊಟ್ಟಿಯೊಳಗೆ ಸೇವಕನಾದುದು ಹೊರಗೆ ಒಡೆಯನಾಗಬಲ್ಲುದು.

7. ನಂದಗಡದ ಲೆಕ್ಕ

ಈ ಇತಿಹಾಸದ ಸಾರವನ್ನು ಪೇಟೆಯ ಮಾತಿನಲ್ಲಿ ಹೇಳುವುದಾದರೆ, ತೊಟ್ಟಿಯೆಂಬುದು ಒಂದು ಜಮಾಖರ್ಚಿನ ವಹಿ. ಒಳಗೆ ಬಂದುದೆಲ್ಲ ಜಮಾ. ಹೊರಗೆ ಹೋದುದೆಲ್ಲ ಖರ್ಚು. ಉಳಿದ ಬಾಕಿಯೇ ಪಾಚಿ. ಒಳನಾಡಿನ ಚಿಕ್ಕ ತೊಟ್ಟಿಗೆ ಇದನ್ನು ಅನ್ವಯಿಸಿ ನೋಡೋಣ.

ಜಮೆಯಲ್ಲಿ ಮೊದಲನೆಯದು ನೀರು. ಬಾವಿಯ ಅಥವಾ ಕೊಳವೆಬಾವಿಯ ನೀರಿನಲ್ಲಿ ಹೊಲದ ಗೊಬ್ಬರದಿಂದ ಬಂದ ನೈಟ್ರೇಟೂ ಕಲ್ಲಿನಿಂದ ಬಂದ ಸಿಲಿಕವೂ ಇರಬಹುದು. ಹೊಸ ತೊಟ್ಟಿಯ ಕಂದುಬಣ್ಣದ ಧೂಳು ಡಯಾಟಂಗಳೆಂಬ ಜೀವಿಗಳಿಂದಾದುದು. ಅವುಗಳ ಕವಚಕ್ಕೆ ಸಿಲಿಕ ಬೇಕು. ಆದುದರಿಂದ ಭಟ್ಟಿಯಿಳಿಸಿದ ಅಥವಾ ಪೊರೆಯ ಮೂಲಕ ಶೋಧಿಸಿದ ನೀರನ್ನು ಬಳಸಿ, ಸಂಪೂರ್ಣ ಲವಣಮಿಶ್ರಣವನ್ನು ಕರಗಿಸಬೇಕು. ನೂರು ಲೀಟರಿಗೆ ಬೇಕಾಗುವುದು ಸುಮಾರು ಮೂರೂವರೆ ಕಿಲೋ.

ಎರಡನೆಯದು ಆವಿಯ ಲೆಕ್ಕ. ನೂರು ಲೀಟರಿನಲ್ಲಿ ಐದು ಲೀಟರು ಆವಿಯಾದರೆ ಹೋಗುವುದು ಬರಿಯ ನೀರು, ಉಪ್ಪಲ್ಲ. ಆ ಜಾಗವನ್ನು ಉಪ್ಪುನೀರಿನಿಂದ ತುಂಬಿದರೆ ಪ್ರತಿ ಸಲವೂ 175 ಗ್ರಾಂ ಉಪ್ಪು ಹೆಚ್ಚಾಗಿ ಸೇರುತ್ತದೆ. ನಾಲ್ಕು ಸಲ ಹೀಗೆ ಮಾಡಿದರೆ ಲೀಟರಿಗೆ 35 ಗ್ರಾಮಿದ್ದುದು 42 ಗ್ರಾಮಾಗುತ್ತದೆ. ತೊಟ್ಟಿಯೇ ಆಗರವಾಗುವ ಬಗೆ ಇದು. ಆವಿಯಾದುದನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು.

ಮೂರನೆಯದು ನೀರು ಬದಲಾಯಿಸುವ ಲೆಕ್ಕ. ವಾರಕ್ಕೆ ಹತ್ತರಲ್ಲೊಂದು ಪಾಲು ನೀರನ್ನು ಬದಲಾಯಿಸಿದರೆ ನೈಟ್ರೇಟು ಇಲ್ಲದಾಗುವುದೆಂದು ಅನೇಕರು ನಂಬುತ್ತಾರೆ. ಒಂದು ವಾರದಲ್ಲಿ ಹುಟ್ಟುವ ನೈಟ್ರೇಟನ್ನು ಒಂದು ಪಾಲೆಂದುಕೊಳ್ಳೋಣ. ಬೇರೆ ದಾರಿಯಿಂದ ಅದು ಹೊರಹೋಗದಿದ್ದರೆ, ತೊಟ್ಟಿಯಲ್ಲಿ ಹತ್ತು ಪಾಲು ಕೂಡುವವರೆಗೂ ಅದು ಏರುತ್ತಲೇ ಇರುತ್ತದೆ. ಆಗ ಮಾತ್ರ ಬದಲಾವಣೆಯಲ್ಲಿ ಹೋಗುವ ಹತ್ತರಲ್ಲೊಂದು ಪಾಲು ಹೊಸದಾಗಿ ಹುಟ್ಟಿದುದಕ್ಕೆ ಸಮನಾಗುತ್ತದೆ. ಆದುದರಿಂದ ನೀರಿನ ಬದಲಾವಣೆ ಅವಶ್ಯವಾದರೂ ಸಾಲದು. ಆಹಾರವನ್ನು ಕಡಿಮೆ ಮಾಡುವುದು, ಮೀನುಗಳ ಸಂಖ್ಯೆಯನ್ನು ಮಿತಿಯಲ್ಲಿಡುವುದು, ತಳದ ಕಸವನ್ನು ಕೊಳವೆಯಿಂದ ಹೀರಿ ತೆಗೆಯುವುದು, ಪಾಚಿಯನ್ನು ಕೈಯಿಂದ ಕಿತ್ತು ಹೊರಹಾಕುವುದು ಇವೆಲ್ಲವೂ ಸೇರಬೇಕು. ಪಾಚಿಯನ್ನು ಉಜ್ಜಿ ನೀರಿನಲ್ಲಿಯೇ ಬಿಟ್ಟರೆ ವಹಿಯಲ್ಲಿ ಒಂದು ಪುಟದಿಂದ ಮತ್ತೊಂದಕ್ಕೆ ಬಾಕಿಯನ್ನು ಬರೆದಂತೆಯೇ ಸರಿ. ಮೇಯುವ ಶಂಖಗಳೂ ಪಾಚಿಯನ್ನು ಮಲವಾಗಿಸಿ ಅಲ್ಲಿಯೇ ಬಿಡುತ್ತವೆ. ಅವು ಗಾಜನ್ನು ಚೊಕ್ಕಟಗೊಳಿಸಬಲ್ಲುವು, ವಹಿಯನ್ನು ಚೊಕ್ಕಟಗೊಳಿಸಲಾರವು. ವಾರಿಂಗ್ಟನ್ನನ ಬಸವನಹುಳುಗಳ ಮಿತಿ ಇಲ್ಲಿಯೇ ಇರುವುದು.

ನಾಲ್ಕನೆಯದು ಧರ್ಮದ ಲೆಕ್ಕ. ಎಂಗನು ಮಾಡಿದಂತೆ ಕಡಲಿನಿಂದ ಜೀವಂತ ಹವಳವನ್ನೋ ಹವಳದ ಕಲ್ಲನ್ನೋ ಕಿತ್ತು ತರುವುದು ಇಂದು ನಮ್ಮ ದೇಶದಲ್ಲಿ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ 2001ರಿಂದ ಹವಳಗಳಿಗೂ ದೊರೆತಿದೆ. ನಮ್ಮ ಕರಾವಳಿಯ ನೇತ್ರಾಣಿ ದ್ವೀಪದ ಸುತ್ತಣ ಹವಳಗಳು ನೋಡಲಿಕ್ಕಿರುವಂಥವು, ತರಲಿಕ್ಕಲ್ಲ. ಸರಂಧ್ರವಾದ ನಿರ್ಜೀವ ಕಲ್ಲಿನಲ್ಲಿಯೂ ಅಣುಜೀವಿಗಳು ಕಾಲಕ್ರಮದಲ್ಲಿ ನೆಲೆಯೂರುತ್ತವೆ. ಅದಕ್ಕೆ ತಾಳ್ಮೆಯೊಂದು ಬೇಕು. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನಾಗಲಿ ಪಾಚಿಯನ್ನಾಗಲಿ ಹಳ್ಳಕೊಳ್ಳಗಳಿಗೆ ಸುರಿಯಬಾರದು. ಈ ತಾಲೂಕಿನ ಹಳ್ಳಗಳು ಎರಡು ಕಡಲುಗಳಿಗೆ ಹೋಗುವ ನದಿಗಳನ್ನು ಸೇರುವಂಥವು.

ವಿದ್ಯಾರ್ಥಿಗಳು ಇಂತಹ ಒಂದು ತೊಟ್ಟಿಯನ್ನಿಟ್ಟು, ಹಳೆಯ ಪೇಟೆಯ ವ್ಯಾಪಾರಿಗಳು ಕಿರ್ದಿಯನ್ನು ಬರೆದಂತೆ ದಿನದಿನವೂ ಲೆಕ್ಕವನ್ನು ಬರೆಯಬೇಕೆಂದು ನಾವು ಸೂಚಿಸುತ್ತೇವೆ. ಹಾಕಿದ ಆಹಾರದ ತೂಕ, ತುಂಬಿದ ನೀರು, ಲವಣದ ಪ್ರಮಾಣ, ನೈಟ್ರೇಟು ಮತ್ತು ಫಾಸ್ಫೇಟು, ಕಿತ್ತು ಒಣಗಿಸಿದ ಪಾಚಿಯ ತೂಕ ಇಷ್ಟನ್ನು ಒಂದು ವರ್ಷ ತಪ್ಪದೆ ಬರೆದರೆ, ತಮ್ಮ ಊರಿನ ಕೆರೆಯ ಹಾವಸೆಯನ್ನು ಅರಿಯುವ ಕಣ್ಣು ಅವರಿಗೆ ಬರುತ್ತದೆ. ಕೆರೆಯ ಲೆಕ್ಕವನ್ನು ಕಾಣಲು ಒಂದು ತಲೆಮಾರು ಬೇಕು. ಗಾಜಿನ ತೊಟ್ಟಿಯಲ್ಲಿ ಅದು ಒಂದೇ ವರ್ಷದಲ್ಲಿ ಕಣ್ಣಿಗೆ ಬೀಳುತ್ತದೆ. ಒಂದು ಕಾಲಕ್ಕೆ ಕಡಲಿನ ಉಪ್ಪನ್ನು ಅಳೆದು ತೂಗಿ ಬರೆದಿಟ್ಟ ಊರಿನಲ್ಲಿ ಕಡಲಿನ ನೀರನ್ನೂ ಅಷ್ಟೇ ಎಚ್ಚರದಿಂದ ಅಳೆದು ತೂಗುವವರು ಹುಟ್ಟಲಿ ಎಂಬುದೇ ನಮ್ಮ ಹಾರೈಕೆ.